ಖರ್ಚು ಇಳೀತು, ರೇಟ್ ಯಾಕ ಏರ್ತು? (ಸಂಪಾದಕರ ಉತ್ತರ)

ಜಮಖಂಡಿಯ ಓದುಗರೊಬ್ಬರು ಕೇಳ್ಯಾರ: "ಕಾಂಪಿಟಿಷನ್‌ನಿಂದ ರಾಕೆಟ್ ಅಗ್ಗ ಆಗ್ಯಾವ ಅಂತ ಬರದೀರಿ, ಹಂಗಾದ್ರ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ರೇಟ್ 2022ರಾಗ 62 ಮಿಲಿಯನ್ ಡಾಲರ್ ಇದ್ದದ್ದು 67 ಹೆಂಗಾತು?"

ಭಾಳ ಚಲೋ ಪ್ರಶ್ನೆ ರೀ, ಲೇಖನದಾಗ ನಾವ ಬಿಡಿಸಿ ಹೇಳಬೇಕಾಗಿತ್ತು. ಖರ್ಚು ಬ್ಯಾರೆ, ರೇಟ್ ಬ್ಯಾರೆ. ನಿಮ್ಮ ಕಡೆ ಕಬ್ಬಿನ ಸೀಸನ್ ನೆನಸ್ಕೋರಿ, ಒಂದ ಟ್ರಿಪ್ ಕಬ್ಬು ಫ್ಯಾಕ್ಟರಿಗೆ ಮುಟ್ಟಿಸಿ ಟ್ರ್ಯಾಕ್ಟರ್‌ನ ಕೃಷ್ಣಾ ಹೊಳಿಗೆ ಒಗದು ಬರೋದಿದ್ರ ಬಾಡಿಗಿ ಎಷ್ಟ ಆಗ್ತಿತ್ತು? ರಾಕೆಟ್‌ನವರು ವರ್ಷಾನುಗಟ್ಟಲೆ ಮಾಡಿದ್ದು ಅದನ್ನ. ಸ್ಪೇಸ್‌ಎಕ್ಸ್ 2015ರ ಡಿಸೆಂಬರ್‌ನಾಗ ಬೂಸ್ಟರ್ (ರಾಕೆಟ್‌ನ ಮ್ಯಾಲೆ ದಬ್ಬೋ ಕೆಳಗಿನ ದೊಡ್ಡ ಭಾಗ) ನೆಲಕ್ಕ ಇಳಿಸ್ತು, 2017ರ ಮಾರ್ಚ್‌ನಾಗ ಒಮ್ಮೆ ಹಾರಿದ್ದನ್ನ ಮತ್ತ ಹಾರಿಸ್ತು. ಒಂಬತ್ತು ಎಂಜಿನ್ ಇರೋದು ಆ ಬೂಸ್ಟರ್‌ನಾಗ, ರೊಕ್ಕ ಉಳಿಯೋದೂ ಅಲ್ಲೇ. ಎಲ್ಲಾ ಕೂಡಿ ಬಂದ್ರ ಹಿಂಗ ಇನ್ನೊಂದು ಸಲ ಹಾರಸಾಕ 15 ಮಿಲಿಯನ್ ಡಾಲರ್ ಸಾಕು ಅಂತ 2020ರಾಗ ಸ್ಪೇಸ್‌ಎಕ್ಸ್ ಮುಖ್ಯಸ್ಥ ಇಲಾನ್ ಮಸ್ಕ್ ಹೇಳಿದ್ರು. ಗಿರಾಕಿಗೆ ಮಾತ್ರ 62.

ಯಾಕಂದ್ರ ಊರಾಗ ಒಂದ ಟ್ರ್ಯಾಕ್ಟರ್ ಇದ್ರ ಬಾಡಿಗಿ ಡೀಸೆಲ್ ನೋಡಿ ಆಗಂಗಿಲ್ಲ, ಮಾಲಕ ಹೇಳಿದ್ದ ಬಾಡಿಗಿ, ಬಾಜೂ ಊರಿಂದ ಇನ್ನೊಂದು ಬಂದಾಗ ಇಳೀತೈತಿ. ಅಮೆರಿಕಾದಾಗ 2006ರಾಗ ಬೋಯಿಂಗ್, ಲಾಕ್‌ಹೀಡ್ ಎರಡೂ ಕೂಡಿ ಒಂದ ಕಂಪನಿ ಮಾಡಿದ್ರು, ಮಿಲಿಟರಿಯ ದೊಡ್ಡ ಉಪಗ್ರಹ ಹಾರಿಸೋ ಕೆಲಸ ಅವರ ಕೈಯಾಗ ಉಳೀತು. ಸ್ಪೇಸ್‌ಎಕ್ಸ್ 2014ರಾಗ ಕೋರ್ಟಿಗೆ ಹೋತು, 2015ರಾಗ ಆ ಕೆಲಸಕ್ಕ ಅರ್ಹತಾ ಸಿಕ್ತು, 2016ರಾಗ ಜಿಪಿಎಸ್ ಉಪಗ್ರಹದ ಕಾಂಟ್ರಾಕ್ಟ್ 82.7 ಮಿಲಿಯನ್‌ಗೆ ಹಿಡೀತು. ಲೇಖನದಾಗ ನಾವು ಹೇಳಿದ ಕಾಂಪಿಟಿಷನ್ ಇದು.

ಈಗ ನಿಮ್ಮ 2022ಕ್ಕ ಬರ್ತೀನಿ. ಉಕ್ರೇನ್ ಯುದ್ಧ ಶುರು ಆತು, ರಷ್ಯಾದ ಸೋಯುಜ್ ರಾಕೆಟ್ ಪಶ್ಚಿಮದ ಗಿರಾಕಿಗೆ ಬಂದ್ ಆತು, ಉಪಗ್ರಹದಿಂದ ಇಂಟರ್ನೆಟ್ ಕೊಡೋ ಒನ್‌ವೆಬ್ ಕಂಪನಿಯ 36 ಉಪಗ್ರಹ ರಷ್ಯಾದವರು ರಾಕೆಟ್ ಹಾರಿಸೋ ಬೈಕನೂರಿನಾಗ ಸಿಕ್ಕೊಂಡ್ವು, ಯುರೋಪಿನ ಏರಿಯಾನ್ 5 ರಾಕೆಟ್ ಕಡೀ ಹಾರಾಟಗಳಿಗೆ ಬಂದಿತ್ತು, ಏರಿಯಾನ್ 6 ಹಾರಿದ್ದು 2024ರ ಜುಲೈಗೆ. ಅಂಥಾ ಟೈಮಿನಾಗ ರೇಟ್ ಏರ್ತು. ಹಣದುಬ್ಬರ ಅಂತ ಕಂಪನಿ ಕಾರಣ ಕೊಟ್ತು, ಅದೂ ಖರೇನ, ಆದ್ರ ಗಿರಾಕಿ ಬ್ಯಾರೆ ಎಲ್ಲಿ ಹೋಗ್ಬೇಕಿತ್ತು ಹೇಳ್ರಿ? ಒನ್‌ವೆಬ್ ತನ್ನ ಎದುರಾಳಿ ಇಂಟರ್ನೆಟ್ ಸೇವಾ ಸ್ಟಾರ್‌ಲಿಂಕ್‌ನ ಒಡೆಯ ಸ್ಪೇಸ್‌ಎಕ್ಸ್ ಬಾಗಿಲಿಗೇ ಹೋತು! ಜೊತಿಗೆ ನಮ್ಮ ಇಸ್ರೋ ಕಡೆನೂ ಬಂತು, ಅದರ ಎಲ್‌ವಿಎಂ3 ರಾಕೆಟ್ ಎರಡು ಸಲ ಹಾರಿ ಅವರ 72 ಉಪಗ್ರಹ ಮುಟ್ಟಿಸ್ತು.

ಹಿಂಗಾಗಿ ಲೇಖನದಾಗ ಹೇಳಿದ್ದು ಹಿಂದಕ್ಕ ತಗೊಳ್ಳಂಗಿಲ್ಲ, ಕಾಂಪಿಟಿಷನ್ ಕಡಿಮಿ ಆದಾಗ ರೇಟ್ ಏರ್ತು, ನಿಮ್ಮ ಮಾತು ಅದನ್ನ ಗಟ್ಟಿ ಮಾಡ್ತೈತಿ. 2025ರ ನವೆಂಬರ್‌ನಾಗ ಅಮೆರಿಕಾದ ಇನ್ನೊಂದು ಕಂಪನಿ ಬ್ಲೂ ಆರಿಜಿನ್ ಸುದ್ದಾ ತನ್ನ ನ್ಯೂ ಗ್ಲೆನ್ ರಾಕೆಟ್‌ನ ಬೂಸ್ಟರ್ ಸಮುದ್ರದ ಹಡಗಿನ ಮ್ಯಾಲೆ ಇಳಿಸ್ಯದ. ನನಗ ಚಿಂತಿ ಇರೋದು ಎಲ್‌ವಿಎಂ3ದು, ಅದರ ಬೂಸ್ಟರ್ ಈಗೂ ಪ್ರತಿ ಸಲ ಸಮುದ್ರಕ್ಕ ಬೀಳ್ತಾವ. ಚಳ್ಳಕೆರೆ ಹತ್ರ 2024ರ ಜೂನ್‌ನಾಗ ಇಸ್ರೋದ ರೆಕ್ಕಿ ಇರೋ ಪುಷ್ಪಕ್ (ಮತ್ತ ಮತ್ತ ಬಳಸೋ ವಾಹನದ ಪರೀಕ್ಷಾ ಮಾದರಿ) ರನ್‌ವೇ ಮ್ಯಾಲೆ ತಾನಾ ಇಳೀತು, ಆದ್ರ ಅದು ಹೆಲಿಕಾಪ್ಟರ್‌ನಿಂದ ಬಿಟ್ಟದ್ದು, ಕಕ್ಷೆಯಿಂದ ಅಲ್ಲ.