ಕೊರಿಯಾದಲ್ಲಿ 1953ರ ನಂತರವೂ ಶಾಂತಿ ಒಪ್ಪಂದ ಏಕೆ ಆಗಿಲ್ಲ?

1953ರ ಜುಲೈ 27ರಂದು ಗಡಿಯ ಪಾನ್‌ಮುಂಜಾಮ್‌ನಲ್ಲಿ ಆದದ್ದು ಉತ್ತರ ಮತ್ತು ದಕ್ಷಿಣ ಕೊರಿಯಾಗಳ ನಡುವಿನ ಯುದ್ಧಕ್ಕೆ ಕದನವಿರಾಮ ಮಾತ್ರ. ಅದಕ್ಕೆ ವಿಶ್ವಸಂಸ್ಥೆಯ ಪಡೆಗಳು, ಉತ್ತರ ಕೊರಿಯಾ ಮತ್ತು ಚೀನಾದ ಕಡೆಯ ಸೇನಾನಾಯಕರು ಸಹಿ ಹಾಕಿದರೇ ಹೊರತು, ದೇಶ ಒಂದಾಗದೆ ಯುದ್ಧ ನಿಲ್ಲಬಾರದೆಂದು ಹಟ ಹಿಡಿದಿದ್ದ ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಸರಕಾರ ಸಹಿ ಹಾಕಲಿಲ್ಲ. ರಾಜಕೀಯ ಇತ್ಯರ್ಥಕ್ಕಾಗಿ 1954ರಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಯೂ ಫಲ ಕೊಡಲಿಲ್ಲ.

ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಜನರಲ್ ತಿಮ್ಮಯ್ಯ. ಮಂಗಳೂರಿನ ನಮಗೆ ಸಂಪಾಜೆ ಘಾಟಿ ಹತ್ತಿದರೆ ಸಿಗುವ ಮಡಿಕೇರಿಯವರು. ಎರಡೂ ಬಣಗಳ ಸಂಶಯದ ನಡುವೆ ಅವರು ಅದನ್ನು ನಿಭಾಯಿಸಿದ ಬಗೆ, ಮಧ್ಯಸ್ಥರಿಂದ ಎಷ್ಟು ಸಾಧ್ಯ ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ನಿದರ್ಶನ.

ಮೂಲ ತೊಡಕು ಬೇರೆಯೇ ಇದೆ. 1945ರಲ್ಲಿ ಕೊರಿಯಾವನ್ನು ಎರಡಾಗಿ ಒಡೆದ 38ನೇ ಅಕ್ಷಾಂಶದ ಗೆರೆಯನ್ನು ಕೊರಿಯನ್ನರನ್ನು ಕೇಳದೆಯೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಒಪ್ಪಿಕೊಂಡವು. ಹೀಗೆ ಕೊರಿಯಾದ ಹಣೆಬರಹ ಮೊದಲಿನಿಂದಲೂ ಹೊರಗಿನವರ ಕೈಯಲ್ಲಿರುವುದರಿಂದಲೇ 1972, 1991, 2000 ಮತ್ತು 2018ರಲ್ಲಿ ಉಭಯ ಕೊರಿಯಾಗಳು ತಾವಾಗಿಯೇ ಕೈಕುಲುಕಿದರೂ, ಅಣ್ವಸ್ತ್ರ ಮತ್ತು ನಿರ್ಬಂಧಗಳ ವಿಚಾರದಲ್ಲಿ ಅಮೆರಿಕ ಒಪ್ಪದೆ ಮಾತು ಮುಂದೆ ಸಾಗುವುದಿಲ್ಲ. 2019ರಲ್ಲಿ ಹನೋಯ್‌ನಲ್ಲಿ ನಡೆದ ಟ್ರಂಪ್ ಮತ್ತು ಉತ್ತರ ಕೊರಿಯಾದ ಕಿಮ್ ಭೇಟಿ ಮುರಿದದ್ದು ಇದೇ ವಿಚಾರಕ್ಕೆ. 2024ರಲ್ಲಂತೂ ಉತ್ತರ ಕೊರಿಯಾ ಏಕೀಕರಣದ ಗುರಿಯನ್ನೇ ಕೈಬಿಟ್ಟು, ರಷ್ಯಾದೊಂದಿಗೆ ಪರಸ್ಪರ ರಕ್ಷಣೆಯ ಒಪ್ಪಂದ ಮಾಡಿಕೊಂಡಿತು. ಸದ್ಯಕ್ಕೆ ಏಕೀಕರಣಕ್ಕಿಂತ, ಗಡಿಯಲ್ಲಿ ಆಕಸ್ಮಿಕ ಘರ್ಷಣೆ ತಡೆಯಲು 2018ರಲ್ಲಿ ಮಾಡಿಕೊಂಡಿದ್ದ ಸೇನಾ ಒಪ್ಪಂದದಂತಹ ಏರ್ಪಾಡನ್ನು ಮತ್ತೆ ಜಾರಿಗೆ ತರುವುದೇ ಹೆಚ್ಚು ಕಾರ್ಯಸಾಧ್ಯವೆಂದು ತೋರುತ್ತದೆ.