ಮೊದಲು ಕೆಲಸ ನೋಡಿ, ಆಮೇಲೆ ಅಳತೆ ಹಿಡಿಯಿರಿ

ಪ್ರಿಯ ಓದುಗರೇ,

ಭದ್ರತಾ ಪಡೆಗಳಲ್ಲಿ ಮಹಿಳೆಯರು ಹೆಚ್ಚಬೇಕು ಎಂದು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಬೇಸರ ತಂದಿದೆ. ಬೇರೆ ಕಡೆ ಡೈವರ್ಸಿಟಿ, ಅಂದರೆ ಎಲ್ಲ ಬಗೆಯ ಜನರೂ ಇರಬೇಕು ಎಂಬುದನ್ನು ನೋಡಿ ಕೆಲಸ ಕೊಟ್ಟರೆ ಕೊಡಲಿ, ಇನ್ನೊಬ್ಬರ ಪ್ರಾಣ ಕಾಯುವ ಕೆಲಸದಲ್ಲಿ ಅರ್ಹತೆ ಒಂದೇ ಸಾಕು ಎಂದಿದ್ದೀರಿ. ಅದಕ್ಕೆ ಸಾಕ್ಷಿಯಾಗಿ 2024ರ ಜುಲೈ 13ರಂದು ಅಮೆರಿಕದ ಬಟ್ಲರ್‌ನಲ್ಲಿ ಚುನಾವಣಾ ಸಭೆಯ ವೇಳೆ ಟ್ರಂಪ್ ಮೇಲೆ ನಡೆದ ಗುಂಡಿನ ದಾಳಿಯನ್ನು ತೋರಿಸಿದ್ದೀರಿ. ನಿಮ್ಮ ಪತ್ರ ಸಿಟ್ಟಿನದಾದರೂ ಯೋಚಿಸಿ ಬರೆದದ್ದು. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ಬಟ್ಲರ್‌ನಿಂದಲೇ ಶುರು ಮಾಡೋಣ. ಅಮೆರಿಕದ ಅಧ್ಯಕ್ಷರು, ಮಾಜಿ ಅಧ್ಯಕ್ಷರನ್ನು ಕಾಯುವ ಪಡೆ ಸೀಕ್ರೆಟ್ ಸರ್ವಿಸ್. ಅದರ ಆಗಿನ ಮುಖ್ಯಸ್ಥೆ ಕಿಂಬರ್ಲಿ ಚೀಟಲ್. 2030ರ ಹೊತ್ತಿಗೆ ಹೊಸದಾಗಿ ಸೇರುವವರಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕು ಎಂಬ ಗುರಿ ಅವರಿಗಿತ್ತು. ದಾಳಿಯ ವಿಡಿಯೋದಲ್ಲಿ ಟ್ರಂಪ್ ಸುತ್ತ ಅವರಿಗಿಂತ ಕುಳ್ಳಗಿನ ಮಹಿಳಾ ಏಜೆಂಟರು ಕಂಡರು. ಒಬ್ಬರು ಪಿಸ್ತೂಲನ್ನು ಒರೆಗೆ ಸೇರಿಸಲು ಪರದಾಡಿದ್ದೂ ಕಂಡಿತು. ಅಷ್ಟು ಸಾಕಾಯಿತು, ಇದೆಲ್ಲ ಡೈವರ್ಸಿಟಿಯ ಫಲ ಎಂದು ಜನ ತೀರ್ಮಾನಿಸಿಬಿಟ್ಟರು. ಹತ್ತು ದಿನಕ್ಕೆ ಚೀಟಲ್ ರಾಜೀನಾಮೆ ಕೊಟ್ಟರು.

ಆಮೇಲೆ ಬಂದ ತನಿಖಾ ವರದಿಗಳು ಹೇಳಿದ್ದೇ ಬೇರೆ. ವೇದಿಕೆಯಿಂದ 150 ಮೀಟರ್ ಕೂಡ ದೂರವಿಲ್ಲದ ಚಾವಣಿಯೊಂದರ ಮೇಲೆ ಯಾರನ್ನೂ ನಿಲ್ಲಿಸಿರಲಿಲ್ಲ. ಯುವಕನೊಬ್ಬ ಗುಂಡು ಹಾರಿಸಿದ್ದು ಅಲ್ಲಿಂದಲೇ. ಆ ಕಟ್ಟಡ ಯಾರ ಜವಾಬ್ದಾರಿ ಎಂಬುದೇ ಸ್ಪಷ್ಟವಿರಲಿಲ್ಲ. ಸ್ಥಳೀಯ ಪೊಲೀಸರಿಗೊಂದು, ಸೀಕ್ರೆಟ್ ಸರ್ವಿಸ್‌ಗೊಂದು ಎಂದು ಕಂಟ್ರೋಲ್ ರೂಮ್‌ಗಳು ಬೇರೆ ಬೇರೆ ಇದ್ದವು, ರೇಡಿಯೋಗಳೂ ಬೇರೆ ಬೇರೆ. ಆ ಯುವಕನ ಮೇಲೆ ಸ್ಥಳೀಯ ಪೊಲೀಸರಿಗೆ ಅನುಮಾನ ಬಂದದ್ದು ಗುಂಡು ಹಾರುವುದಕ್ಕೆ ಸುಮಾರು ಒಂದು ಗಂಟೆ ಮೊದಲು. ಅವನ ಫೋಟೋ ಕೂಡ ತೆಗೆದಿದ್ದರು. ಆ ಮಾತು ಟ್ರಂಪ್ ಪಕ್ಕದಲ್ಲಿದ್ದ ಏಜೆಂಟರ ಕಿವಿಗೆ ಸಮಯಕ್ಕೆ ಮುಟ್ಟಲಿಲ್ಲ. ಅಂದು ಮಧ್ಯಾಹ್ನ ಅವನು ಡ್ರೋನ್ ಹಾರಿಸಿ ಜಾಗ ನೋಡಿಕೊಂಡಾಗ, ಡ್ರೋನ್ ಪತ್ತೆಹಚ್ಚುವ ಯಂತ್ರ ಕೆಟ್ಟು ಕೂತಿತ್ತು. ಅದನ್ನು ನಡೆಸುತ್ತಿದ್ದವರಿಗೆ ಅದರಲ್ಲಿ ಮೂರು ತಿಂಗಳ ಅನುಭವ ಮಾತ್ರ. ಅವರು ಸಹಾಯವಾಣಿಗೆ ಫೋನ್ ಹಚ್ಚಿ ಕೇಳಬೇಕಾಯಿತು.

ಇದು ಅರ್ಹತೆಯ ಪ್ರಶ್ನೆ ಹೌದೋ ಅಲ್ಲವೋ? ಖಂಡಿತ ಹೌದು. ಕಲಿಯದವರ ಕೈಗೆ ಯಂತ್ರ ಕೊಟ್ಟದ್ದು ಅರ್ಹತೆಯ ವಿಷಯದಲ್ಲಿ ದೊಡ್ಡ ಲೋಪ. ಆದರೆ ಅದು ವಿಡಿಯೋದಲ್ಲಿ ಕಾಣಲಿಲ್ಲ, ಹೆಂಗಸರ ಎತ್ತರ ಕಂಡಿತು. ನಾವು ಕಂಡದ್ದರ ಬಗ್ಗೆ ಜಗಳವಾಡುತ್ತಾ ಕೂತರೆ ಮುಂದಿನ ದಾಳಿಯ ದಿನವೂ ಚಾವಣಿ ಖಾಲಿಯೇ ಇರುತ್ತದೆ. ನನಗೆ ನಿಜವಾಗಿ ನೋವು ಕೊಡುವ ಸಂಗತಿ ಇದು. ಅಂದು ಸಭೆಗೆ ಬಂದಿದ್ದ ಒಬ್ಬ ಮನುಷ್ಯ ಸತ್ತಿದ್ದಾನೆ.

ಎತ್ತರದ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಮೈಯಡ್ಡ ನಿಂತು ಕಾಯುವ ಜಾಗದಲ್ಲಿ ಎತ್ತರವೂ ಕೆಲಸದ ಭಾಗವೇ. ಟ್ರಂಪ್ ಆರು ಅಡಿಗೂ ಜಾಸ್ತಿ ಇದ್ದಾರೆ. ಅವರ ತಲೆ ಮುಚ್ಚಬೇಕಾದ ಕಡೆ ಎತ್ತರದವರನ್ನೇ ಹಾಕುವುದು ಸರಿ, ಕುಳ್ಳಗಿನ ಗಂಡಸಿಗೂ ಆ ಜಾಗ ಬೇಡ. ಆದರೆ ಇಡೀ ಪಡೆಯ ಕೆಲಸ ಅದೊಂದೇ ಅಲ್ವಲ್ಲ? ಮುಂಚೆಯೇ ಹೋಗಿ ಜಾಗ ಪರಿಶೀಲಿಸುವುದು, ಬೆದರಿಕೆ ಹಾಕಿದವರನ್ನು ಕೂರಿಸಿ ಮಾತಾಡಿಸುವುದು, ಗುಂಪಿನೊಳಗೆ ನಿಂತು ಕೈಗಳನ್ನು ಗಮನಿಸುವುದು, ಹೆಚ್ಚಿನ ಹೊತ್ತು ಇದರಲ್ಲೇ ಹೋಗುತ್ತದೆ.

ಇಲ್ಲಿ ಒಂದು ಹಳೆಯ ಮೊಕದ್ದಮೆ ನೆನಪಿಸಬೇಕು. ಅಮೆರಿಕದ ಅಲಬಾಮಾದಲ್ಲಿ ಜೈಲು ಕಾವಲುಗಾರರಾಗಲು ಕನಿಷ್ಠ 5 ಅಡಿ 2 ಇಂಚು ಎತ್ತರ, 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕ ಬೇಕಿತ್ತು. ತೂಕ ಕಡಿಮೆ ಎಂದು ಕೆಲಸ ಸಿಗದ ಮಹಿಳೆಯೊಬ್ಬರು ಕೋರ್ಟಿಗೆ ಹೋದರು. ಈ ನಿಯಮದಿಂದ ಶೇ. 41ರಷ್ಟು ಮಹಿಳೆಯರು ಹೊರಗುಳಿಯುತ್ತಿದ್ದರು, ಗಂಡಸರಲ್ಲಿ ಶೇ. 1 ಕೂಡ ಇಲ್ಲ. ಈ ಕೆಲಸಕ್ಕೆ ಬಲ ಬೇಕು ಎಂದು ಸರ್ಕಾರ ವಾದಿಸಿತು. 1977ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಸರಳ: ಬಲ ಬೇಕಿದ್ದರೆ ಬಲವನ್ನೇ ನೇರವಾಗಿ ಪರೀಕ್ಷಿಸಿ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು. ಅತಿ ಹಿಂಸೆ ತುಂಬಿದ್ದ ಗಂಡಸರ ಜೈಲುಗಳಲ್ಲಿ, ಕೈದಿಗಳ ನಡುವೆಯೇ ಇರಬೇಕಾದ ಹುದ್ದೆಗಳಿಗೆ ಮಹಿಳೆಯರನ್ನು ಬೇಡ ಎನ್ನಲು ರಾಜ್ಯಕ್ಕೆ ಅವಕಾಶ ಕೊಟ್ಟಿತು. ಆ ಎರಡನೇ ಭಾಗ ನನಗೆ ಹಿಡಿಸುವುದಿಲ್ಲ. ಅಲ್ಲಿ ಪರೀಕ್ಷೆ ಇಲ್ಲದೆಯೇ ಬಾಗಿಲು ಮುಚ್ಚಿದರು.

ಈಗ ನಿಮ್ಮ ಕಡೆಗೆ ಬಲ ಕೊಡುವ ಪ್ರಕರಣ. 2009ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತರಬೇತಿಯಲ್ಲಿದ್ದ ಒಬ್ಬ ಗಂಡಸು 29 ಪುಷ್‌ಅಪ್ ಮಾಡಿ ಫೇಲಾದರು. ಗಂಡಸರಿಗೆ 30 ಬೇಕಿತ್ತು, ಹೆಂಗಸರಿಗೆ 14 ಸಾಕಿತ್ತು. ಅವರು ಕೇಸು ಹಾಕಿದರು. ಇಬ್ಬರ ದೇಹ ಬೇರೆ, ಒಂದೇ ಮಟ್ಟದ ಫಿಟ್‌ನೆಸ್ ಅಳೆಯಲು ಬೇರೆ ಸಂಖ್ಯೆ ಇಡುವುದು ತಪ್ಪಲ್ಲ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಪುಷ್‌ಅಪ್ ಆರೋಗ್ಯದ ಗುರುತಾಗಿದ್ದರೆ ಆ ಮಾತು ಸರಿಯೇ. ಆದರೆ ಗಾಯಗೊಂಡ ಜೊತೆಗಾರರನ್ನು ಎಳೆದು ತರುವ ಶಕ್ತಿ ಅಳೆಯಲು ಅದನ್ನಿಟ್ಟಿದ್ದರೆ ಎರಡು ಸಂಖ್ಯೆ ಇರಬಾರದು. ಗಾಯಾಳುವಿನ ತೂಕ ಎಲ್ಲರಿಗೂ ಒಂದೇ. ಈ ಪರೀಕ್ಷೆ ಯಾಕೆ ಇಟ್ಟಿದ್ದೀರಿ ಎಂದು ಸಂಸ್ಥೆಗಳು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಎರಡು ಕಡೆಯವರಿಗೂ ಅನುಮಾನ ಬರುತ್ತದೆ. ಕಷ್ಟಪಟ್ಟು ಪಾಸಾದ ಹೆಂಗಸು ಜೀವನವಿಡೀ 'ಸುಮ್ನೆ ತಗೊಂಡಿದ್ದಾರೆ' ಎಂಬ ಮಾತು ಕೇಳಬೇಕಾಗುತ್ತದೆ.

ಕೆಲವು ಭದ್ರತಾ ಕೆಲಸಗಳಲ್ಲಂತೂ ಮಹಿಳೆಯೇ ಬೇಕು. ಮಹಿಳೆಯರನ್ನು ತಪಾಸಣೆ ಮಾಡುವುದು ಒಂದು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಶಾಂತಿಪಡೆಗಾಗಿ ಲೈಬೀರಿಯಾಕ್ಕೆ ಮಹಿಳಾ ಪೊಲೀಸರ ತುಕಡಿಯನ್ನೇ ಕಳಿಸಿತು. ಯುದ್ಧದಲ್ಲಿ ಅತ್ಯಾಚಾರ ಕಂಡ ದೇಶ ಅದು. ಅಲ್ಲಿನ ಹೆಂಗಸರು ಬಂದೂಕು ಹಿಡಿದ ಗಂಡಸಿನ ಮುಂದೆ ಬಾಯಿ ಬಿಡುವುದು ಸುಲಭವಲ್ಲ. ಅಂಥ ಕಡೆ ಮಹಿಳೆಯಾಗಿರುವುದೂ ಅರ್ಹತೆಯ ಒಂದು ಭಾಗ.

ಶೇ. 30ರ ಗುರಿಯ ಬಗ್ಗೆಯೂ ಕೇಳಿದ್ದೀರಿ. ಎಷ್ಟು ಮಹಿಳೆಯರು ಅರ್ಜಿ ಹಾಕಬೇಕು, ಎಷ್ಟು ಜನರಿಗೆ ಮೊದಲೇ ತಯಾರಿ ಕೊಡಬೇಕು ಎಂಬುದಕ್ಕೆ ಗುರಿ ಇಟ್ಟರೆ ನನ್ನ ತಕರಾರಿಲ್ಲ. ಎಷ್ಟು ಜನ ಪಾಸಾಗಲೇಬೇಕು ಎಂದು ಇಟ್ಟರೆ ತರಬೇತಿ ಕೊಡುವವರ ಮೇಲೆ ಒತ್ತಡ ಬೀಳುತ್ತದೆ, ಕಣ್ಣುಮುಚ್ಚಿ ಮುಂದೆ ಕಳಿಸುವವರೂ ಹುಟ್ಟಿಕೊಳ್ಳುತ್ತಾರೆ. ಈ ಭಯ ನಿಮಗಿದೆ, ನನಗೂ ಇದೆ.

ಪತ್ರದ ಕೊನೆಯಲ್ಲಿ ನೇರವಾಗಿ ಕೇಳಿದ್ದೀರಿ: 'ನಿಮ್ಮ ಪ್ರಾಣಕ್ಕೇ ಅಪಾಯ ಬಂದರೆ ಯಾರನ್ನು ಕಾವಲಿಗೆ ಕೇಳುತ್ತೀರಿ?' ಒಟ್ಟಿಗೆ ತರಬೇತಿ ಪಡೆದ, ಒಂದೇ ರೇಡಿಯೋದಲ್ಲಿ ಮಾತಾಡುವ ತಂಡ ಕೇಳುತ್ತೇನೆ. ಚಾವಣಿಯ ಮೇಲೆ ಯಾರಿದ್ದಾರೆ ಎಂದು ಮೊದಲು ವಿಚಾರಿಸುತ್ತೇನೆ. ನನ್ನ ಪಕ್ಕ ನಿಲ್ಲುವವರು ನನಗಿಂತ ಎತ್ತರವಿರಲಿ ಎನ್ನುತ್ತೇನೆ. ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

ಸಂಪಾದಕ