ದೂರದ ದ್ವೀಪಕ್ಕೆ ಬಿಸಿಲು, ಗಾಳಿಗಳಿಂದಲೇ ವಿದ್ಯುತ್ತನ್ನೂ ನೀರನ್ನೂ ಒದಗಿಸಬಹುದೇ?

ಮುಖ್ಯಭೂಮಿಯ ವಿದ್ಯುತ್ ತಂತಿಯಾಗಲಿ ನೀರಿನ ಕೊಳವೆಯಾಗಲಿ ತಲುಪದ, ಸುಮಾರು 300 ಜನರಿರುವ ದ್ವೀಪವೊಂದಕ್ಕೆ ಸೌರಫಲಕ, ಗಾಳಿಯಂತ್ರ ಮತ್ತು ಬ್ಯಾಟರಿಗಳಿಂದಲೇ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಕೊಡಬಹುದೇ, ಎಷ್ಟು ಬ್ಯಾಟರಿ ಬೇಕು, ಡೀಸೆಲ್ ಜನರೇಟರನ್ನು ತೆಗೆದುಹಾಕಬಹುದೇ ಎಂದು ನೀವು ಕೇಳಿದ್ದೀರಿ. ಇಂಥ ಘಟಕಗಳ ನಿರ್ವಹಣೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದವನಾಗಿ ಹೇಳುವುದಾದರೆ, ಖಂಡಿತ ಸಾಧ್ಯ; ಆದರೆ ಬ್ಯಾಟರಿಯ ಲೆಕ್ಕಕ್ಕೆ ಕೂರುವ ಮೊದಲು ನೀರಿನ ಟ್ಯಾಂಕಿನ ಲೆಕ್ಕ ಮುಗಿಸಿಕೊಳ್ಳಿ.

ತಲೆಗೆ ದಿನಕ್ಕೆ 50 ಲೀಟರ್ ಎಂದುಕೊಂಡರೆ 300 ಜನರಿಗೆ 15,000 ಲೀಟರ್, ಅಂದರೆ 15 ಘನಮೀಟರ್ ನೀರು ಬೇಕು. ಅದನ್ನು ಸಮುದ್ರದ ನೀರಿನಿಂದ ಪಡೆಯಲು ರಿವರ್ಸ್ ಆಸ್ಮೋಸಿಸ್ ಘಟಕ ಬೇಕು; ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ತೆಳು ಪೊರೆಯ, ಅಂದರೆ ಮೆಂಬ್ರೇನಿನ, ಮೂಲಕ ಅದು ನೀರನ್ನು ಒತ್ತಿ ದಾಟಿಸುತ್ತದೆ. ಇದಕ್ಕೆ ಎದುರಾಗಿ ನಿಲ್ಲುವ, ಉಪ್ಪಿನಿಂದ ಹುಟ್ಟುವ ಆಸ್ಮೋಟಿಕ್ ಒತ್ತಡವೇ ಸಮುದ್ರದ ನೀರಿನಲ್ಲಿ ಸುಮಾರು 27 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ಇರುವುದರಿಂದ, ಘಟಕದ ಪಂಪು ಅದನ್ನು ಮೀರಿ 55ರಿಂದ 70 ಬಾರ್‌ವರೆಗೆ ಒತ್ತಬೇಕಾಗುತ್ತದೆ. ಹೊರಹೋಗುವ ಉಪ್ಪುನೀರಿನಲ್ಲಿ ಉಳಿದಿರುವ ಒತ್ತಡವನ್ನು ಮರಳಿ ಪಡೆಯುವ ಉಪಕರಣವಿದ್ದರೆ ಒಂದು ಘನಮೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ತು ಸಾಕು. ಅದಿಲ್ಲದ ಸಣ್ಣ ಘಟಕಗಳು ಎಂಟು ಹತ್ತು ಯೂನಿಟ್ಟನ್ನು ಸಲೀಸಾಗಿ ನುಂಗುತ್ತವೆ. ಒಂದರಲ್ಲಿ ದಿನಕ್ಕೆ 60 ಯೂನಿಟ್, ಇನ್ನೊಂದರಲ್ಲಿ 150. ಈ ಉಪಕರಣಕ್ಕೆ ಹಣ ಉಳಿಸಲು ಹೋದವರು ಅದರ ಎರಡರಷ್ಟನ್ನು ಸೌರಫಲಕಗಳಿಗೆ ತೆತ್ತಿರುವುದನ್ನು ನೋಡಿದ್ದೇನೆ.

ಈಗ ಐದು ದಿನಗಳ ನೀರು ಹಿಡಿಯುವ 75,000 ಲೀಟರಿನ ಟ್ಯಾಂಕನ್ನು ಕಲ್ಪಿಸಿಕೊಳ್ಳಿ. ಅದು ತುಂಬಿರುವಾಗ ಅದರೊಳಗೆ ಸುಮಾರು 300 ಯೂನಿಟ್ ವಿದ್ಯುತ್ತು ನೀರಿನ ರೂಪದಲ್ಲಿ ಕೂಡಿಟ್ಟಂತೆಯೇ ಸರಿ. ಅಷ್ಟೇ ಯೂನಿಟ್ಟಿನ ಬ್ಯಾಟರಿಯ ಬೆಲೆಗೆ ಹೋಲಿಸಿದರೆ ಟ್ಯಾಂಕಿನದು ಏನೇನೂ ಅಲ್ಲ, ಚಾರ್ಜು ಮಾಡಿ ಖಾಲಿ ಮಾಡಿದಂತೆಲ್ಲ ಅದರ ಆಯುಷ್ಯ ಕುಗ್ಗುವುದೂ ಇಲ್ಲ. ಆದ್ದರಿಂದ ನೀರಿನ ಘಟಕವನ್ನು ಬಿಸಿಲಿರುವಾಗ, ಗಾಳಿ ಬಲವಾಗಿ ಬೀಸುವಾಗ ಓಡಿಸಿ, ಬ್ಯಾಟರಿಯನ್ನು ರಾತ್ರಿಯ ದೀಪ, ಆರೋಗ್ಯ ಕೇಂದ್ರದ ಫ್ರಿಜ್ಜು ಮುಂತಾದ ಕಾಯಲಾಗದ ಕೆಲಸಗಳಿಗೆ ಮೀಸಲಿಡಬೇಕು.

ಇದರಲ್ಲಿ ತೊಡಕಿಲ್ಲ ಎಂದಲ್ಲ. ಪದೇ ಪದೇ ನಿಲ್ಲಿಸಿ ಓಡಿಸುವುದು ಮೆಂಬ್ರೇನುಗಳಿಗೆ ಒಗ್ಗುವುದಿಲ್ಲ. ನಿಲ್ಲಿಸಿದಾಗಲೆಲ್ಲ ಸಿಹಿನೀರಿನಿಂದ ತೊಳೆಯದಿದ್ದರೆ ಲವಣವೂ ಜೀವಾಣುಗಳ ಲೋಳೆಯೂ ಕಟ್ಟಿಕೊಳ್ಳುತ್ತವೆ. ಮೋಡ ಬಂದಂತೆ ಹೋದಂತೆ ಕುಣಿಯುವ ಒಂದು ದೊಡ್ಡ ಘಟಕಕ್ಕಿಂತ ಎರಡು ಸಣ್ಣ ಘಟಕಗಳೇ ಮೇಲು: ಒಂದು ದಿನವಿಡೀ ಸಮನಾಗಿ ಓಡಲಿ, ಇನ್ನೊಂದು ಹೆಚ್ಚುವರಿ ವಿದ್ಯುತ್ತಿದ್ದಾಗ ಜೊತೆಗೂಡಲಿ.

ಪಂಪು ಹೊರಡುವ ಕ್ಷಣವನ್ನೂ ಮರೆಯಬೇಡಿ. ನಾನಿದ್ದ ಒಂದು ಕಡೆ ಇನ್ವರ್ಟರಿನ ಸಾಮರ್ಥ್ಯವನ್ನು ಪಂಪು ಓಡುವಾಗ ಎಳೆಯುವ ಕರೆಂಟಿಗೆ ಹೊಂದಿಸಿದ್ದರು, ಹೊರಡುವಾಗ ಎಳೆಯುವ ಕರೆಂಟಿಗಲ್ಲ. ನೇರವಾಗಿ ಚಾಲೂ ಮಾಡಿದ ಇಂಡಕ್ಷನ್ ಮೋಟಾರು ಆ ಕ್ಷಣದಲ್ಲಿ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಗುಂಡಿ ಒತ್ತಿದೊಡನೆ ಇನ್ವರ್ಟರು ಟ್ರಿಪ್ ಆಗಿ ಇಡೀ ಊರಿನ ವಿದ್ಯುತ್ತು ಹೋಗುತ್ತಿತ್ತು. ಬೇಸತ್ತ ಆಪರೇಟರು ಪಂಪನ್ನು ಹೊರಡಿಸಲೆಂದೇ ಡೀಸೆಲ್ ಜನರೇಟರು ಹಚ್ಚತೊಡಗಿದರು. ಹೊರಟ ಮೇಲೆ ಆರಿಸಬೇಕಾಗಿದ್ದ ಜನರೇಟರು ಸಂಜೆಯವರೆಗೂ ಓಡುವುದು ರೂಢಿಯಾಯಿತು, ಮಟಮಟ ಮಧ್ಯಾಹ್ನದಲ್ಲಿ ಫಲಕಗಳು ಕೆಲಸವಿಲ್ಲದೆ ಕುಳಿತವು. ಮೋಟಾರಿನ ವೇಗವನ್ನು ಮೆಲ್ಲಗೆ ಏರಿಸುವ ಡ್ರೈವ್ ಒಂದನ್ನು ಅಳವಡಿಸಿದ ಮೇಲೆಯೇ ಆ ತಾಪತ್ರಯ ನೀಗಿದ್ದು.

ಡೀಸೆಲ್ಲಿನ ವಿಷಯದಲ್ಲಿ ಸ್ಪೇನಿನ ಕ್ಯಾನರಿ ದ್ವೀಪಸಮೂಹದ ಎಲ್ ಹಿಯೆರೊ ದ್ವೀಪವನ್ನು ನೋಡಿ. ಅಲ್ಲಿ 2014ರಲ್ಲಿ ಆರಂಭವಾದ ಯೋಜನೆಯಲ್ಲಿ 11.5 ಮೆಗಾವ್ಯಾಟ್ ಗಾಳಿಯಂತ್ರಗಳಿವೆ. ಹೆಚ್ಚಾದ ವಿದ್ಯುತ್ತಿನಿಂದ ಜ್ವಾಲಾಮುಖಿಯ ಹಳೆಯ ಕುಳಿಯೊಂದಕ್ಕೆ ನೀರನ್ನು ಏರಿಸಿಟ್ಟು, ಬೇಕಾದಾಗ ಕೆಳಗಿಳಿಸಿ ಮತ್ತೆ ವಿದ್ಯುತ್ತು ಪಡೆಯುತ್ತಾರೆ. 2019ರ ಬೇಸಿಗೆಯಲ್ಲಿ ಸತತ 24 ದಿನ ಡೀಸೆಲ್ ಇಲ್ಲದೆ ನಡೆಸಿದರೂ ವರ್ಷದ ಸರಾಸರಿಯಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಸುಮಾರು ಅರ್ಧದಷ್ಟೇ ಇತ್ತು, ಡೀಸೆಲ್ ಸ್ಥಾವರವನ್ನೂ ಉಳಿಸಿಕೊಂಡಿದ್ದರು. ಕೊನೆಯ ಹತ್ತು ಶೇಕಡಾ ಡೀಸೆಲ್ಲನ್ನು ಬಿಡಿಸಲು ತಗಲುವ ಬ್ಯಾಟರಿಯ ಖರ್ಚು ಮೊದಲಿನದಕ್ಕಿಂತ ಎಷ್ಟೋ ಹೆಚ್ಚು, ಆದ್ದರಿಂದ ಜನರೇಟರು ಇರಲಿ ಎನ್ನುವುದೇ ನನ್ನ ಅಭಿಪ್ರಾಯ. ಆದರೆ ಅದನ್ನು ಶೇಕಡಾ 30ಕ್ಕಿಂತ ಕಡಿಮೆ ಹೊರೆಯಲ್ಲಿ ಉರಿಸುತ್ತಿದ್ದರೆ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಹಚ್ಚಿದರೆ ಪೂರ್ತಿ ದುಡಿಸಿ, ಇಲ್ಲವಾದರೆ ಪೂರ್ತಿ ಆರಿಸಿ. ಆರಿಸಬೇಕಾದರೆ ಊರಿನ ಗ್ರಿಡ್ಡನ್ನು, ಅಂದರೆ ವಿದ್ಯುತ್ ಜಾಲದ ವೋಲ್ಟೇಜು, ಫ್ರೀಕ್ವೆನ್ಸಿಗಳನ್ನು, ಜನರೇಟರಿನ ನೆರವಿಲ್ಲದೆ ತಾನೇ ಹಿಡಿದು ನಿಲ್ಲಿಸಬಲ್ಲ ಇನ್ವರ್ಟರು ಅಗತ್ಯ.

ಸ್ಕಾಟ್ಲೆಂಡಿನ ಐಗ್ ದ್ವೀಪದವರು 2008ರಿಂದ ಜಲ, ಗಾಳಿ, ಸೌರವಿದ್ಯುತ್ತನ್ನು ಕೂಡಿಸಿ ಬಳಸುತ್ತಿದ್ದಾರೆ. ಪ್ರತಿ ಮನೆಗೂ ಒಮ್ಮೆಗೆ 5 ಕಿಲೋವ್ಯಾಟ್ ಮಿತಿ, ಹೆಚ್ಚುವರಿ ವಿದ್ಯುತ್ತು ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡಲು. ಮಳೆಯೂರಾದ ಅಲ್ಲಿ ನೀರಿನ ಚಿಂತೆಯಿಲ್ಲ. ನಿಮ್ಮ ದ್ವೀಪದಲ್ಲಿ ಅದೇ ಹೆಚ್ಚುವರಿ ವಿದ್ಯುತ್ತು ಟ್ಯಾಂಕು ತುಂಬಲಿ.

ಸಮುದ್ರದ ನೀರಿಗೆ ಕೈಹಾಕುವ ಮೊದಲು ಚಾವಣಿಯನ್ನೂ ಬಾವಿಯನ್ನೂ ನೋಡಿಕೊಳ್ಳಿ. ನೂರು ಚದರ ಮೀಟರಿನ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಹಾಗೆಂದು ಮಳೆಯೊಂದನ್ನೇ ನಂಬಲಾಗದು: 2011ರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ಟುವಾಲು ಬರಗಾಲದಿಂದ ತುರ್ತು ಪರಿಸ್ಥಿತಿ ಘೋಷಿಸಿ, ಸಿಹಿನೀರು ಮಾಡುವ ಯಂತ್ರಗಳನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು. ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ರಭಸದಿಂದ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಆದರೆ ಅರೆ ಉಪ್ಪಾದ ಬಾವಿ ನೀರನ್ನು ಶುದ್ಧಗೊಳಿಸಲು ಸಮುದ್ರದ ನೀರಿಗಿಂತ ತೀರಾ ಕಡಿಮೆ ವಿದ್ಯುತ್ತು ಸಾಕೆಂಬುದನ್ನು ನೆನಪಿಡಿ.

ಇನ್ನು ಬಿಡಿಭಾಗಗಳು. ಉಪ್ಪುಗಾಳಿ ಟರ್ಮಿನಲ್ಲುಗಳನ್ನೂ ಬೋಲ್ಟುಗಳನ್ನೂ ಬಿಡದೆ ತಿನ್ನುತ್ತದೆ. ಫಿಲ್ಟರ್ ಕಾರ್ಟ್ರಿಜ್, ಪಂಪಿನ ಸೀಲು, ಫ್ಯೂಸುಗಳನ್ನು ಹಡಗು ಬರುವ ಎರಡು ಸರದಿಗಳಿಗೆ ಸಾಲುವಷ್ಟು ದಾಸ್ತಾನಿಡಿ. ಒಂದು ಸರದಿ ತಪ್ಪುವುದು ಮಾಮೂಲು.